ಸೊನ್ನೆ ತೋರಿಸಿದ ಮೀಟರು, ಕಂದು ಹಿಡಿದ ಮರಳು

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ಹವಳದ ತೊಟ್ಟಿಯನ್ನು ಸಾಕುವುದು ಒಂದು ಬಗೆಯ ಮೊಂಡುತನವೇ ಸರಿ. ಕೆಳಗಿನ ಸಂಪೂ ಸೇರಿ ನನ್ನ ತೊಟ್ಟಿಯಲ್ಲಿ ಸುಮಾರು 200 ಲೀಟರ್ ಉಪ್ಪುನೀರಿದೆ. ಇಲ್ಲಿ ಸಂಪ್ ಎಂದರೆ ತೊಟ್ಟಿಯ ಅಡಿಯಲ್ಲಿ ಅಡಗಿರುವ ಶೋಧಕದ ಪೆಟ್ಟಿಗೆಯೇ ಹೊರತು ನೆಲದಡಿಯ ನೀರಿನ ಟ್ಯಾಂಕ್ ಅಲ್ಲ ಎಂಬುದನ್ನು ಮನೆಗೆ ಬಂದವರಿಗೆಲ್ಲ ವಿವರಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅದರಲ್ಲಿರುವವರು ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಕೆಲವು ಬಸವನಹುಳುಗಳು, ಅಣಬೆ ಹವಳಗಳು, ಹವಳದ ಬಂಧುಗಳಾದ ಜೋಯಾಂಥಿಡ್‌ಗಳು ಮತ್ತು ಒಂದು ತೊಗಲು ಹವಳ. ಕಲ್ಲುಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿರುವುದರಿಂದ ಅವುಗಳ ತಂಟೆಗೆ ನಾನು ಹೋಗಿಲ್ಲ. ಬೇರೆಯವರೂ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ತೊಟ್ಟಿಗೆ ಮೂರು ವರ್ಷ ತುಂಬಿದ್ದ 2024ರ ಮಾರ್ಚ್ ತಿಂಗಳಿನಲ್ಲಿ ಬಿಳಿಯ ಮರಳಿನ ಮೇಲೆ ಕಂದು ಬಣ್ಣದ ತೆಳುವಾದ ಪುಡಿಯಂಥ ಪದರವೊಂದು ಕಾಣಿಸಿಕೊಂಡಿತು. ಒರೆಸಿದರೆ ಹೋಗುತ್ತಿತ್ತು, ಮೂರು ದಿನಕ್ಕೆ ಮತ್ತೆ ಬರುತ್ತಿತ್ತು. ಇದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಎಂದು ನೋಡಿದ ಕೂಡಲೇ ತಿಳಿಯಿತು. ಹೊಸ ತೊಟ್ಟಿಗಳಲ್ಲಿ ಇದು ಎಲ್ಲರಿಗೂ ಬಂದು ತಾನಾಗಿ ಹೋಗುವಂಥದ್ದು; ಮೂರು ವರ್ಷ ಹಳೆಯ ತೊಟ್ಟಿಯಲ್ಲಿ ಏಕೆ ಬಂತೆಂದು ಯೋಚಿಸುವ ಬದಲು ನಾನು ದೀಪದ ಅವಧಿಯನ್ನು ಹತ್ತು ಗಂಟೆಯಿಂದ ಏಳಕ್ಕೆ ಇಳಿಸಿದೆ, ಮೀನುಗಳ ಆಹಾರವನ್ನು ಅರ್ಧ ಮಾಡಿದೆ, ಮತ್ತು ಹೆಚ್ಚು ಹೆಚ್ಚು ನೀರನ್ನು ಬದಲಾಯಿಸತೊಡಗಿದೆ. ನೀರು ಬದಲಾಯಿಸಿದ ಮರುದಿನವೇ ಕಂದು ಇನ್ನಷ್ಟು ದಟ್ಟವಾಗುತ್ತಿದ್ದುದನ್ನು ಕಣ್ಣಾರೆ ಕಂಡೂ ಅದರ ಅರ್ಥವನ್ನು ಗ್ರಹಿಸಲು ನನಗೆ ಐದು ವಾರ ಬೇಕಾಯಿತು.

ಅಷ್ಟರಲ್ಲಿ ತೊಗಲು ಹವಳ ಮುದುಡಿಕೊಂಡಿತು. ಆಗ ಮೊದಲ ಬಾರಿಗೆ ನನ್ನ ಉಪಕರಣಗಳ ಮೇಲೆಯೇ ನನಗೆ ಸಂಶಯ ಬಂತು. ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಲವಣಾಂಶವನ್ನು ಅಳೆಯುವ ರಿಫ್ರಾಕ್ಟೋಮೀಟರನ್ನು ನಾನು ಅಲ್ಲಿಯವರೆಗೂ ಶುದ್ಧ ನೀರಿನ ಹನಿಯೊಂದನ್ನು ಹಾಕಿ ಸೊನ್ನೆಗೆ ಹೊಂದಿಸಿಕೊಳ್ಳುತ್ತಿದ್ದೆ. ಸೊನ್ನೆಯಲ್ಲಿ ಸರಿಯಿದ್ದ ಉಪಕರಣ ಸಮುದ್ರದ ನೀರಿನ ಮಟ್ಟವಾದ 35 ಪಿಪಿಟಿಯಲ್ಲಿಯೂ (ಸಾವಿರದಲ್ಲಿ 35 ಭಾಗ ಉಪ್ಪು) ಸರಿಯಾಗಿರಬೇಕೆಂದೇನೂ ಇಲ್ಲ. ತೂಕದ ಲೆಕ್ಕದಲ್ಲಿ ಶೇಕಡಾ 3.65 ಅಡುಗೆ ಉಪ್ಪಿರುವ ದ್ರಾವಣವು 35 ಪಿಪಿಟಿ ಸಮುದ್ರದ ನೀರಿನಷ್ಟೇ ಬೆಳಕನ್ನು ಬಾಗಿಸುವುದರಿಂದ, ಅಡುಗೆಮನೆಯ ತಕ್ಕಡಿಯಲ್ಲಿ 36.5 ಗ್ರಾಂ ಉಪ್ಪನ್ನೂ 963.5 ಗ್ರಾಂ ಶುದ್ಧ ನೀರನ್ನೂ ತೂಗಿ ಬೆರೆಸಿ, ಅದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದೆ. ಉಪಕರಣ 33 ಎಂದಿತು. ಅಂದರೆ ನಾನು 35 ಎಂದು ನಂಬಿಕೊಂಡಿದ್ದ ತೊಟ್ಟಿಯ ನೀರು ನಿಜವಾಗಿ 37ರ ಆಸುಪಾಸಿನಲ್ಲಿತ್ತು.

ಬೇಸಿಗೆಯ ಫ್ಯಾನ್ ಇದಕ್ಕೆ ಇನ್ನಷ್ಟು ಸೇರಿಸಿತ್ತು. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಕೊಳ್ಳುವ ಶಕ್ತಿಯಿಲ್ಲದೆ ನೀರಿನ ಮೇಲ್ಮೈಗೆ ಎರಡು ಸಣ್ಣ ಫ್ಯಾನ್ ಹಚ್ಚಿ ಉಷ್ಣತೆಯನ್ನು 27 ಡಿಗ್ರಿಯಲ್ಲಿ ಹಿಡಿದಿಡುತ್ತೇನೆ. ಮಾರ್ಚ್ ಮತ್ತು ಏಪ್ರಿಲ್‌ನ ಒಣ ಹವೆಯಲ್ಲಿ ದಿನಕ್ಕೆ ನಾಲ್ಕು ಲೀಟರ್ ನೀರು ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲ. ಮೂರು ದಿನ ಊರಿಗೆ ಹೋಗಿ ಬಂದರೆ 200 ಲೀಟರ್ 188 ಆಗಿ, 35 ಇದ್ದದ್ದು 37 ದಾಟುತ್ತದೆ. ತಾನಾಗಿ ಸಿಹಿನೀರು ತುಂಬುವ ಫ್ಲೋಟ್ ವಾಲ್ವ್ ಆ ದಿನಗಳಲ್ಲಿ ಉಪ್ಪು ಕಟ್ಟಿ ಆಗಾಗ ಕಚ್ಚಿಕೊಳ್ಳುತ್ತಿತ್ತು. ಎರಡು ಪಿಪಿಟಿಯನ್ನು ಹತ್ತು ದಿನಗಳಲ್ಲಿ ನಿಧಾನವಾಗಿ ಇಳಿಸಿದ ಮೇಲೆ ಹವಳ ಮತ್ತೆ ಅರಳಿತು. ಮರಳು ಮಾತ್ರ ಕಂದಾಗಿಯೇ ಉಳಿಯಿತು.

ಡಯಾಟಮ್‌ಗಳ ಜೀವಕೋಶದ ಹೊದಿಕೆ ಸಿಲಿಕಾದ್ದು, ಎಂದರೆ ಬಹುಮಟ್ಟಿಗೆ ಗಾಜಿನದ್ದು. ಕರಗಿದ ಸಿಲಿಕೇಟ್ ಇಲ್ಲದ ಕಡೆ ಅವು ಹೀಗೆ ಹಬ್ಬಲಾರವು. ಹಳೆಯ ತೊಟ್ಟಿಯಲ್ಲಿ ಅವು ನಿಲ್ಲದೆ ಬೆಳೆಯುತ್ತಿವೆ ಎಂದರೆ ಯಾರೋ ನಿಲ್ಲದೆ ಸಿಲಿಕೇಟ್ ಒದಗಿಸುತ್ತಿದ್ದಾರೆಂದೇ ಅರ್ಥ, ಮತ್ತು ಆ ತೊಟ್ಟಿಗೆ ನೀರು ಹಾಕುವವನು ನಾನೊಬ್ಬನೇ. ಆದರೂ ತೊಟ್ಟಿಗೆ ಹಾಕುವ ನೀರನ್ನು ಪೊರೆಯೊಂದರ ಮೂಲಕ ಶೋಧಿಸುವ ನನ್ನ ಆರ್‌ಒ ಘಟಕದ ಮೇಲೆ ನಾನು ಸಂಶಯಪಡಲಿಲ್ಲ, ಏಕೆಂದರೆ ಅದರ ಕೊನೆಯ ಹಂತದಲ್ಲಿ ಅಯಾನುಗಳನ್ನು, ಎಂದರೆ ವಿದ್ಯುದಾವೇಶವುಳ್ಳ ಕಣಗಳನ್ನು, ಹಿಡಿಯುವ ರೆಸಿನ್ ತುಂಬಿದ ಕೊಳವೆಯಿದೆ, ಅದರಿಂದ ಹೊರಬರುವ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ಪ್ರತಿ ಬಾರಿಯೂ ಸೊನ್ನೆಯಿತ್ತು. ಕುಡಿಯುವ ನೀರಿನ ಅಡುಗೆಮನೆಯ ಆರ್‌ಒ ಯಂತ್ರವನ್ನು ಈ ಕೆಲಸಕ್ಕೆ ಬಳಸುವವರನ್ನು ನಾನು ಹಿಂದೆ ತಿದ್ದಿದ್ದುಂಟು. ಅವುಗಳಲ್ಲಿ ಅನೇಕ ಯಂತ್ರಗಳು ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸಿ ಕೊಡುತ್ತವೆ. ನನ್ನದು ಹಾಗಲ್ಲವೆಂಬ ಜಂಬ ನನಗಿತ್ತು.

ಕಡೆಗೆ ಸಿಲಿಕೇಟ್ ಪರೀಕ್ಷೆಯ ಕಿಟ್ ತರಿಸಿ, ಸೊನ್ನೆ ಟಿಡಿಎಸ್ ತೋರಿಸುತ್ತಿದ್ದ ಅದೇ ನೀರನ್ನು ಪರೀಕ್ಷಿಸಿದೆ. ಬಣ್ಣರಹಿತವಾಗಿ ಉಳಿಯಬೇಕಿದ್ದ ನೀರು ಕೆಲವೇ ನಿಮಿಷಗಳಲ್ಲಿ ನೀಲಿಗೆ ತಿರುಗಿತು.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಸಾಮರ್ಥ್ಯವನ್ನು, ಅಂದರೆ ಅಯಾನುಗಳನ್ನು. ಕರಗಿದ ಸಿಲಿಕಾ ಸಾಮಾನ್ಯ ನೀರಿನಲ್ಲಿ ಬಹುತೇಕ ಅಯಾನಾಗದೆ ಸಿಲಿಸಿಕ್ ಆಮ್ಲವಾಗಿಯೇ ಇರುವುದರಿಂದ ಮೀಟರಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. ರೆಸಿನ್ ಹೊಸದಿದ್ದಾಗ ಅದನ್ನೂ ಹಿಡಿಯುತ್ತದೆ, ಆದರೆ ಸಡಿಲವಾಗಿ. ಬಸ್ಸಿನಲ್ಲಿ ಸೀಟು ತುಂಬಿದಾಗ ಮೊದಲು ಏಳಬೇಕಾಗುವ ಪ್ರಯಾಣಿಕನಂತೆ, ಗಟ್ಟಿಯಾಗಿ ಅಂಟುವ ಇತರ ಅಯಾನುಗಳು ಬಂದಂತೆ ಸಿಲಿಕೇಟ್ ಜಾಗ ಬಿಟ್ಟುಕೊಟ್ಟು ಹೊರನಡೆಯುತ್ತದೆ. ಮೀಟರ್ ಒಂದು ಎಂದು ತೋರಿಸುವ ಬಹಳ ಮೊದಲೇ ಈ ಸೋರಿಕೆ ಶುರುವಾಗಿರುತ್ತದೆ.

ಮಾರ್ಚ್ ತಿಂಗಳಲ್ಲಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಗೇಟಿನಲ್ಲಿಯೇ ನಿಂತಿತ್ತು. ಆ ಬೇಸಿಗೆಯಲ್ಲಿ ನಮ್ಮ ಎರಡೂ ಬೋರ್‌ವೆಲ್‌ಗಳು ಬತ್ತಿ, ಅಪಾರ್ಟ್‌ಮೆಂಟ್ ಪೂರ್ತಿ ಟ್ಯಾಂಕರ್ ನೀರಿನ ಮೇಲೆ ನಿಂತಿತ್ತು. ಅದುವರೆಗೆ ನಲ್ಲಿಯಲ್ಲಿ 450 ಇದ್ದ ಟಿಡಿಎಸ್ ಈಗ 1,100 ಇತ್ತು; ಟ್ಯಾಂಕರ್ ಬದಲಾದ ದಿನ ಅದೂ ಬದಲಾಗುತ್ತಿತ್ತು. ಶೇಕಡಾ 97ರಷ್ಟನ್ನು ತಡೆಯುವ ಪೊರೆಯ ಆಚೆಗೆ ಮೊದಲು 13 ಪಿಪಿಎಂ (ಹತ್ತು ಲಕ್ಷದಲ್ಲಿ 13 ಭಾಗ) ಲವಣ ಹೋಗುತ್ತಿದ್ದಲ್ಲಿ ಈಗ 33 ಹೋಗುತ್ತಿತ್ತು, ಅಂದರೆ ರೆಸಿನ್ ಎರಡೂವರೆ ಪಟ್ಟು ಬೇಗ ತುಂಬುತ್ತಿತ್ತು. ನಮ್ಮ ಕಟ್ಟಡದ ಸಾಫ್ಟ್‌ನರ್ ಇದಕ್ಕೆ ನೆರವಾಗುವುದಿಲ್ಲ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆಯೇ ಹೊರತು ಒಟ್ಟು ಲವಣವನ್ನು ಇಳಿಸುವುದಿಲ್ಲ. ಇನ್ನು ಈ ಭಾಗದ ಅಂತರ್ಜಲ ಗ್ರಾನೈಟು ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತು ಬರುವಂಥದ್ದಾದ್ದರಿಂದ ಸಿಲಿಕಾ ಅದರ ಹುಟ್ಟುಗುಣ.

ಆಳದ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಕೂಡ ರೆಸಿನ್ನಿನ ಶತ್ರು. ಅನಿಲವಾದ್ದರಿಂದ ಅದು ಪೊರೆಯನ್ನು ಸಲೀಸಾಗಿ ದಾಟಿ, ಸಿಲಿಕೇಟ್ ಹಿಡಿಯಬೇಕಾದ ರೆಸಿನ್ನಿನ ಪಾಲನ್ನೇ ತಿಂದುಹಾಕುತ್ತದೆ. ಹೀಗಾಗಿ ನಾನು ಘಟಕವನ್ನು ಎರಡಾಗಿ ಬಿಡಿಸಿದೆ. ಪೊರೆಯಿಂದ ಬಂದ ನೀರು ಮೊದಲು ಒಂದು ಡ್ರಮ್ಮಿನಲ್ಲಿ ಶೇಖರವಾಗಿ, ಕಿಟಕಿ ತೆರೆದ ಬಾಲ್ಕನಿಯಲ್ಲಿ ರಾತ್ರಿಯಿಡೀ ಏರ್ ಪಂಪಿನ ಗುಳ್ಳೆಗಳಿಂದ ಅನಿಲವನ್ನು ಕಳೆದುಕೊಂಡು, ಮರುದಿನ ಸಣ್ಣ ಪಂಪಿನ ಮೂಲಕ ಒಂದರ ಹಿಂದೊಂದು ಜೋಡಿಸಿದ ಎರಡು ರೆಸಿನ್ ಕೊಳವೆಗಳನ್ನು ಹಾದುಹೋಗುತ್ತದೆ. ಯಂತ್ರ ಶುರುವಾದಾಗ ಪೊರೆಯಿಂದ ಬರುವ ಮೊದಲ ಎರಡು ಲೀಟರನ್ನು ಚೆಲ್ಲುತ್ತೇನೆ, ಏಕೆಂದರೆ ನಿಂತಿದ್ದ ಪೊರೆಯ ಮೊದಲ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಸಿಲಿಕೇಟ್ ಪರೀಕ್ಷೆಯನ್ನು ಎರಡು ಕೊಳವೆಗಳ ನಡುವಿನ ನೀರಿಗೆ ಮಾಡುತ್ತೇನೆ. ಅಲ್ಲಿ ನೀಲಿ ಕಂಡರೆ ಮೊದಲ ಕೊಳವೆಯನ್ನು ಎಸೆದು, ಎರಡನೆಯದನ್ನು ಮುಂದಕ್ಕೆ ತಂದು, ಹಿಂದೆ ಹೊಸದನ್ನು ಇಡುತ್ತೇನೆ. ಮೊದಲು 150 ಲೀಟರಿಗೆ ಸೋಲುತ್ತಿದ್ದ ರೆಸಿನ್ ಈಗ 260 ಲೀಟರಿನವರೆಗೆ ಬಾಳುತ್ತದೆ.

ಪೊರೆ ಹೊರಹಾಕುವ ನೀರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ್ದ ದಿನಗಳವು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಚರಂಡಿಗೆ ಬಿಡುವುದು ನನ್ನಿಂದಾಗಲಿಲ್ಲ. ಆ ನೀರೆಲ್ಲವೂ ಈಗಲೂ ನೆಲ ಒರೆಸಲು ಮತ್ತು ಶೌಚಾಲಯಕ್ಕೆ ಹೋಗುತ್ತದೆ. ಮಲ್ಪೆಯಿಂದ ಸಮುದ್ರದ ನೀರನ್ನೇ ಕ್ಯಾನುಗಳಲ್ಲಿ ಕಳಿಸುತ್ತೇನೆಂದು ಉಡುಪಿಯ ನೆಂಟರೊಬ್ಬರು ಆಗ ಹೇಳಿದ್ದರು. ಬಂದರಿನ ಡೀಸೆಲ್ಲನ್ನೂ ಮಳೆಗಾಲದ ಹೊಳೆನೀರನ್ನೂ ನೆನೆದು ನಯವಾಗಿ ಬೇಡವೆಂದೆ.

ಒಳಬರುವ ಸಿಲಿಕೇಟ್ ನಿಂತ ಮೇಲೆ ಸುಮ್ಮನಿದ್ದಿದ್ದರೆ ಕಂದು ತಾನಾಗಿ ಹೋಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ತೊಟ್ಟಿಯಲ್ಲಿ ಉಳಿದಿದ್ದ ಸಿಲಿಕೇಟನ್ನೂ ತೆಗೆಯೋಣವೆಂದು ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಸಂಪಿನಲ್ಲಿ ಇಟ್ಟೆ. ಅವು ಸಿಲಿಕೇಟನ್ನು ಹಿಡಿಯುತ್ತವೆಂಬುದು ನಿಜ, ಆದರೆ ಅವುಗಳ ಮೂಲ ಕೆಲಸ ಫಾಸ್ಫೇಟನ್ನು ಹಿಡಿಯುವುದು. ಹಾನಾ ಚೆಕ್ಕರ್ ಎಂಬ ಪುಟ್ಟ ಮೀಟರಿನಲ್ಲಿ ರಂಜಕದ ಅಂಕಿ 9 ಪಿಪಿಬಿ (ನೂರು ಕೋಟಿಯಲ್ಲಿ 9 ಭಾಗ) ಇತ್ತು, ಅದನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 0.028 ಪಿಪಿಎಂ ಫಾಸ್ಫೇಟ್, ಸರಿಯಾಗಿಯೇ ಇದ್ದ ಮಟ್ಟ. ಎರಡು ವಾರದಲ್ಲಿ ಅದು ಸೊನ್ನೆಗೆ ಇಳಿಯಿತು. ಆಹಾರ ಅರ್ಧ ಮಾಡಿದ್ದರಿಂದ ನೈಟ್ರೇಟ್ ಮೊದಲೇ ಸೊನ್ನೆಯಾಗಿತ್ತು. ಕಂದು ಪುಡಿ ಮಾಯವಾಗಿ, ಅದರ ಜಾಗದಲ್ಲಿ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡ, ಗೊಣ್ಣೆಯಂಥ ಕಂದು ಎಳೆಗಳು ಬಂದವು. ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ನಾಲ್ಕು ಬಸವನಹುಳುಗಳು ಒಂದೇ ವಾರದಲ್ಲಿ ಸತ್ತವು.

ಇದು ಡೈನೋಫ್ಲ್ಯಾಜೆಲೇಟ್ ಎಂಬ, ಕೆಲವೊಮ್ಮೆ ವಿಷ ಬಿಡುವ ಏಕಕೋಶ ಜೀವಿ ಇರಬಹುದೆಂದು ಅನುಮಾನಿಸಿ, ಎಳೆಗಳನ್ನು ತೊಟ್ಟಿಯ ನೀರಿನೊಂದಿಗೆ ಸೀಸೆಯಲ್ಲಿ ಕುಲುಕಿ, ಕಾಗದದ ಕಾಫಿ ಫಿಲ್ಟರಿನಲ್ಲಿ ಸೋಸಿ ದೀಪದ ಕೆಳಗಿಟ್ಟೆ. ಮೂರು ಡಿಕಾಕ್ಷನ್ ಫಿಲ್ಟರುಗಳಿರುವ ಮನೆಯಲ್ಲಿ ಕಾಗದದ ಫಿಲ್ಟರಿಗಾಗಿ ಎರಡು ಅಂಗಡಿ ಅಲೆಯಬೇಕಾಯಿತು. ಒಂದು ಗಂಟೆಯೊಳಗೆ ತಿಳಿನೀರಿನಲ್ಲಿ ಎಳೆಗಳು ಮತ್ತೆ ಒಟ್ಟುಗೂಡಿದ್ದವು. ಮಗಳ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹನಿಯ ಆಕಾರದ ಕೋಶಗಳು, ಬಾಲವನ್ನು ದಾರಕ್ಕೆ ಕಟ್ಟಿದಂತೆ, ಒಂದೇ ಬಿಂದುವಿನ ಸುತ್ತ ಗಿರಗಿರನೆ ತಿರುಗುತ್ತಿದ್ದವು. ಆಸ್ಟ್ರಿಯಾಪ್ಸಿಸ್ ಎಂಬ ಜಾತಿ ಹೀಗೆ ತಿರುಗುತ್ತದೆ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಬತ್ತಿದ ತೊಟ್ಟಿಯಲ್ಲಿ ಪೈಪೋಟಿ ಕೊಡುವ ಪಾಚಿ ಮತ್ತು ಬ್ಯಾಕ್ಟೀರಿಯಾ ಸೊರಗುವುದರಿಂದ ಇವು ಮೆರೆಯುತ್ತವೆ. ಕಬ್ಬಿಣದ ಹರಳುಗಳನ್ನು ತೆಗೆದೆ, ನೀರು ಬದಲಾಯಿಸುವುದನ್ನು ಪೂರ್ತಿ ನಿಲ್ಲಿಸಿದೆ, ಆಹಾರವನ್ನು ಮೊದಲಿನಷ್ಟಕ್ಕೆ ತಂದೆ, ನೈಟ್ರೇಟ್ ಮತ್ತು ಫಾಸ್ಫೇಟ್ ದ್ರಾವಣಗಳನ್ನು ದಿನವೂ ಅಳೆದು ಹಾಕಿ 8 ಮತ್ತು 0.08 ಪಿಪಿಎಂ ಮಟ್ಟಕ್ಕೆ ಏರಿಸಿದೆ. ಈ ಜಾತಿ ರಾತ್ರಿಯಲ್ಲಿ ಮರಳನ್ನು ಬಿಟ್ಟು ನೀರಿಗೆ ಬರುವುದರಿಂದ, ಹಾದುಹೋಗುವ ಕೋಶಗಳನ್ನು ಕೊಲ್ಲಲು ಯುವಿ (ನೇರಳಾತೀತ) ದೀಪವೊಂದನ್ನು ಜೋಡಿಸಿದೆ, ಅವುಗಳ ವಿಷವನ್ನು ಹೀರಲು ಸಕ್ರಿಯ ಇದ್ದಿಲನ್ನು ಇಟ್ಟೆ. ಎಳೆಗಳು ಪೂರ್ತಿ ಹೋಗಲು ಆರು ವಾರ ಹಿಡಿಯಿತು. ಕಲ್ಲುಗಳ ಮೇಲೆ ಹಸಿರು ಪಾಚಿ ಮೂಡಿದ್ದನ್ನು ಕಂಡು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಟಿಡಿಎಸ್ ಮೀಟರನ್ನು ನಾನು ಎಸೆದಿಲ್ಲ. ಪೊರೆಯ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಪ್ರತಿ ಭಾನುವಾರ ಗೋಡೆಯ ಕ್ಯಾಲೆಂಡರಿನ ಆಯಾ ಚೌಕದಲ್ಲಿ ಬರೆಯುತ್ತೇನೆ. ಆ ಕೆಲಸಕ್ಕೆ ಅದು ನಂಬಿಕಸ್ಥ ಉಪಕರಣ. ಕಳೆದ ತಿಂಗಳು ಪೊರೆಯ ತಡೆ ಶೇಕಡಾ 97ರಿಂದ 94ಕ್ಕೆ ಇಳಿದಿದೆ, ಎಂದರೆ ರೆಸಿನ್ನಿನ ಮೇಲಿನ ಹೊರೆ ಎರಡು ಪಟ್ಟಾಗಿದೆ. ಹೊಸ ಪೊರೆಗೆ ಹೇಳಿಯಾಗಿದೆ. ಅದು ಬರುವವರೆಗೆ ವಾರಕ್ಕೆ ಇಪ್ಪತ್ತು ಲೀಟರಿನ ಬದಲು ಹತ್ತೇ ಲೀಟರ್ ಬದಲಾಯಿಸುತ್ತಿದ್ದೇನೆ.