ಮೆನಿಂಜೈಟಿಸ್‌ನ ಏರಿಳಿತ ಓದುವುದು ಹೇಗೆ?

ಮೆನಿಂಜೈಟಿಸ್ ಎಂದರೆ ಮೆದುಳು ಮತ್ತು ಬೆನ್ನುಹುರಿಯ ಪೊರೆಯ ಉರಿಯೂತ. ಅದು ಬ್ಯಾಕ್ಟೀರಿಯಾ ಸೋಂಕಿನಿಂದ ಬಂದರೆ ಆರು ಮಂದಿಯಲ್ಲಿ ಒಬ್ಬರು ಸಾಯುತ್ತಾರೆ. ಬದುಕುಳಿದ ಐವರಲ್ಲಿ ಒಬ್ಬರಿಗೆ ಕಿವುಡುತನ, ಫಿಟ್ಸ್‌ನಂತಹ ತೊಂದರೆ ಉಳಿಯುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಲಬುರಗಿಯ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಇಂತಹ ರೋಗದ ದಶಕಗಳ ಗ್ರಾಫ್ ಕೈಗೆತ್ತಿಕೊಂಡಾಗ, ಗೆರೆ ಇಳಿದಿದೆ ಎಂದಷ್ಟೇ ನೋಡಿ ಪುಟ ತಿರುವಬಾರದು.

ಮೊದಲು ಅಳತೆ ನೋಡಿ. ಅದು ಒಟ್ಟು ರೋಗಿಗಳ ಸಂಖ್ಯೆಯೋ, ಲಕ್ಷ ಜನರಿಗೆ ಇಷ್ಟು ಎಂಬ ದರವೋ? ಜನಸಂಖ್ಯೆ ಬೆಳೆಯುವ ದೇಶದಲ್ಲಿ ದರವನ್ನೇ ನಂಬಬೇಕು.

ಎರಡನೆಯದಾಗಿ, ಒಂದೇ ಗೆರೆಯನ್ನು ರೋಗಾಣುವಿನ ಪ್ರಕಾರ ಬಿಡಿಸಿ, ಲಸಿಕೆ ಬಂದ ವರ್ಷಗಳನ್ನು ಅದರ ಮೇಲೆ ಗುರುತಿಸಿ. ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ), ಮೆನಿಂಗೊಕಾಕಸ್, ನ್ಯುಮೊಕಾಕಸ್ ಈ ರೋಗ ತರುವ ಮುಖ್ಯ ಬ್ಯಾಕ್ಟೀರಿಯಾಗಳು. ನೆದರ್ಲೆಂಡ್ಸ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಹಿಬ್ ಲಸಿಕೆ 1993ರಲ್ಲಿ, ಮೆನಿಂಗೊಕಾಕಸ್ ಸಿ ಲಸಿಕೆ 2002ರಲ್ಲಿ, ನ್ಯುಮೊಕಾಕಸ್ ಲಸಿಕೆ 2006ರಲ್ಲಿ ಮಕ್ಕಳಿಗೆ ಸಿಗತೊಡಗಿತು. ಹಿಬ್‌ನಿಂದ ಬರುವ ಮೆನಿಂಜೈಟಿಸ್ ಬೇಗನೆ ಕುಸಿಯಿತು. ನ್ಯುಮೊಕಾಕಸ್ ಮಾತ್ರ ಹಟಮಾರಿ: ಲಸಿಕೆಯಲ್ಲಿರುವ ತಳಿಗಳು ಹಿಂದೆ ಸರಿದಂತೆ ಇಲ್ಲದ ತಳಿಗಳು ಮುಂದೆ ಬರುತ್ತವೆ. ವಯಸ್ಸಿನ ಪ್ರಕಾರವೂ ಬಿಡಿಸಿದರೆ, ಮಕ್ಕಳಲ್ಲಿ ಇಳಿದ ರೋಗ ಹಿರಿಯರಲ್ಲಿ ಅಷ್ಟು ಇಳಿದಿಲ್ಲ ಎಂಬುದು ಕಾಣಬಹುದು.

ಮೂರನೆಯ ಹೆಜ್ಜೆಯೇ ನನಗೆ ಎಲ್ಲಕ್ಕಿಂತ ಮುಖ್ಯ: ಪರೀಕ್ಷೆ ನಡೆದಿದೆಯೇ ಎಂದು ಕೇಳಿ. ರೋಗಾಣುವಿನ ಹೆಸರು ಗೊತ್ತಾಗುವುದು ಬಹುಪಾಲು ಬೆನ್ನುನೀರಿನ (ಬೆನ್ನುಹುರಿಯ ಸುತ್ತಲಿನ ದ್ರವದ) ಪರೀಕ್ಷೆಯಿಂದ. ಬೆನ್ನಿಗೆ ಸೂಜಿ ಹಾಕಿದರೆ ಕಾಲಿನ ಶಕ್ತಿ ಹೋಗುತ್ತದೆ ಎಂಬ ಭಯದಿಂದ ಮನೆಯವರು ಒಪ್ಪದಿದ್ದರೆ ಪರೀಕ್ಷೆಯೇ ನಡೆಯುವುದಿಲ್ಲ. ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಮಗು ದೊಡ್ಡ ಆಸ್ಪತ್ರೆ ತಲುಪಿದರೆ, ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯದೆ ಹೋಗಬಹುದು. ಆಗ ರೋಗ ಇದ್ದರೂ ಲೆಕ್ಕಕ್ಕೆ ಬರದೆ ಹೋಗಬಹುದು. ಹಾಗೆಂದು ಪರೀಕ್ಷೆಗಾಗಿ ಚಿಕಿತ್ಸೆ ತಡಮಾಡಬಾರದು, ಜೀವ ಮೊದಲು. ರೋಗಾಣುವಿನ ವಂಶವಾಹಿಯನ್ನೇ ಪತ್ತೆಮಾಡುವ ಪಿಸಿಆರ್ ಪರೀಕ್ಷೆ ಬಂದ ಕಡೆ ಗೆರೆ ದಿಢೀರನೆ ಮೇಲೇರಿದ್ದರೆ ಅದು ರೋಗದ ಏರಿಕೆಯೇ ಆಗಿರಬೇಕೆಂದಿಲ್ಲ. 2020, 2021ರ ಇಳಿಕೆಯನ್ನೂ ಬೇರೆಯಾಗಿ ಗುರುತಿಸಿ: ಕೋವಿಡ್ ಕಾಲದಲ್ಲಿ ಜನರ ಓಡಾಟವೇ ನಿಂತಿತ್ತು.

ಸಾವಿನ ಗೆರೆಯನ್ನು ಪ್ರತ್ಯೇಕವಾಗಿ ಓದಿ. ರೋಗಿಗಳು ಕಡಿಮೆಯಾದರೂ ರೋಗ ಬಂದವರ ಸಾವಿನ ಪ್ರಮಾಣ ಹಾಗೆಯೇ ಉಳಿದಿರಬಹುದು.

ಇನ್ನು ನಮ್ಮ ದೇಶದ ಗ್ರಾಫ್ ಮೇಲೆ ಗುರುತಿಸಬೇಕಾದ ಲಸಿಕೆಯ ವರ್ಷಗಳು. ಹಿಬ್ ಅಂಶವಿರುವ ಪೆಂಟಾವೇಲೆಂಟ್ ಲಸಿಕೆ 2011ರ ಡಿಸೆಂಬರ್‌ನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆ ಹರಡಿತು. ನ್ಯುಮೊಕಾಕಸ್ ಲಸಿಕೆ 2017ರಲ್ಲಿ ಆರಂಭವಾಗಿ 2021ರಲ್ಲಿ ದೇಶವ್ಯಾಪಿಯಾಯಿತು. ಪೆಂಟಾವೇಲೆಂಟ್ ಕೊಡುವುದು ಮಗುವಿನ 6, 10, 14ನೇ ವಾರಗಳಲ್ಲಿ. ನ್ಯುಮೊಕಾಕಸ್ ಲಸಿಕೆ 6, 14ನೇ ವಾರ ಮತ್ತು 9ನೇ ತಿಂಗಳಲ್ಲಿ.

ಕಲಬುರಗಿ, ಯಾದಗಿರಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳ ಕೂಸುಗಳು ಈ ವಾರಗಳ ನಡುವೆಯೇ ತಪ್ಪಿಹೋಗುತ್ತವೆ. ಊರು ಬಿಡುವ ಮುನ್ನ ತಾಯಿ ಕಾರ್ಡ್ ಗಂಟಿನಲ್ಲಿ ಇದೆಯೇ ಎಂದು ಆಶಾ ಕಾರ್ಯಕರ್ತೆ ನೋಡಬೇಕು. ಆ ಕಾರ್ಡ್ ತೋರಿಸಿದರೆ ಹೋದ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಳಿದ ಲಸಿಕೆಯನ್ನು ಉಚಿತವಾಗಿ ಹಾಕಿಸಬಹುದು.