ಮೇಲ್ ಫಿಲ್ಟರ್ ಹಾಕುವುದು ಹೇಗೆ? ಸರ್ವರ್‌ನಲ್ಲೇ ಹಾಕಿ, ನೋಡಿ ಹಾಕಿ

ಅಂಗಡಿ, ಆಡಿಟರ್ ಆಫೀಸು, ಸಣ್ಣ ಶಾಲೆ, ಟ್ರಸ್ಟು ಹೀಗೆ ಈಗ ಬಹಳ ಕಡೆ ಸ್ವಂತ ಡೊಮೈನ್‌ನ ಮೇಲ್ ಇದೆ. ಹೋಸ್ಟಿಂಗ್ ಕಂಪನಿಗೆ ವರ್ಷ ವರ್ಷ ದುಡ್ಡು ಕಟ್ಟುತ್ತಾರೆ. ಅದೇ ದುಡ್ಡಿಗೆ ಸಿಗುವ ಫಿಲ್ಟರ್ ಸೌಲಭ್ಯವನ್ನು, ಅಂದರೆ ಬಂದ ಮೇಲನ್ನು ನಾವು ಬರೆದ ರೂಲಿನ ಪ್ರಕಾರ ತಾನೇ ವಿಂಗಡಿಸುವ ವ್ಯವಸ್ಥೆಯನ್ನು, ಮಾತ್ರ ಯಾರೂ ಮುಟ್ಟುವುದಿಲ್ಲ. ಮುಟ್ಟಿದವರಲ್ಲೂ ಜಾಸ್ತಿ ಜನ ಎಡವುವುದು ಒಂದೇ ಜಾಗದಲ್ಲಿ: ಯಾವ ಮೇಲ್ ಹಿಡಿಯಬೇಕು ಎಂಬ ಷರತ್ತು ಬರೆಯುವಾಗ. ಹಾಗಾಗಿ ಈ ಲೇಖನದ ಅರ್ಧ ಭಾಗ ಅದಕ್ಕೇ ಹೋಗುತ್ತದೆ.

‘ಔಟ್‌ಲುಕ್‌ನಲ್ಲಿ ರೂಲ್ ಹಾಕಿದ್ದೇನಲ್ಲ, ಸಾಲದಾ?’ ಎಂದು ಕೇಳುವವರಿದ್ದಾರೆ. ಸಾಲದು. ಹೋಸ್ಟಿಂಗ್ ಮೇಲನ್ನು ಔಟ್‌ಲುಕ್‌ಗೆ ಜೋಡಿಸಿಕೊಂಡಿದ್ದರೆ, ಆ ರೂಲ್ ಕೆಲಸ ಮಾಡುವುದು ಆ ಕಂಪ್ಯೂಟರ್ ಆನ್ ಆಗಿ ಔಟ್‌ಲುಕ್ ತೆರೆದಿದ್ದಾಗ ಮಾತ್ರ. ಭಾನುವಾರ ಆಫೀಸಿಗೆ ಬೀಗ ಹಾಕಿದ್ದರೆ ಫೋನಿನಲ್ಲಿ ಎಲ್ಲ ಮೇಲೂ ಒಂದೇ ರಾಶಿಯಾಗಿ ಬಂದು ಬೀಳುತ್ತದೆ. ಸರ್ವರ್‌ನಲ್ಲಿ ಹಾಕಿದ ಫಿಲ್ಟರ್ ಹಾಗಲ್ಲ. ಮೇಲ್ ನಿಮ್ಮ ಪೆಟ್ಟಿಗೆಗೆ ಬರುವ ಕ್ಷಣದಲ್ಲೇ ಅದು ವಿಂಗಡಿಸಿಬಿಡುತ್ತದೆ. ಫೋನ್, ಲ್ಯಾಪ್‌ಟಾಪ್, ವೆಬ್‌ಮೇಲ್, ಎಲ್ಲ ಕಡೆ ಒಂದೇ ರೀತಿ ಕಾಣುತ್ತದೆ.

ಶುರು ಮಾಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಮೇಲ್ ಪಾಪ್‌ನಲ್ಲಿದೆಯೋ ಐಮ್ಯಾಪ್‌ನಲ್ಲಿದೆಯೋ? ಇವು ಸರ್ವರ್‌ನಿಂದ ಮೇಲ್ ತರುವ ಎರಡು ವಿಧಾನಗಳು, ಖಾತೆಯ ಸೆಟಿಂಗ್ಸ್‌ನಲ್ಲಿ ಯಾವುದೆಂದು ಬರೆದಿರುತ್ತದೆ. ಪಾಪ್ ಆದರೆ ಇಲ್ಲೇ ನಿಲ್ಲಿಸಿ. ಪಾಪ್‌ಗೆ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಇದೆ ಎಂಬುದೇ ಗೊತ್ತಿಲ್ಲ. ಸರ್ವರ್ ಒಂದು ಬಿಲ್ಲನ್ನು ‘ಬಿಲ್ಸ್’ ಫೋಲ್ಡರ್‌ಗೆ ಹಾಕಿದರೆ, ಪಾಪ್‌ನಲ್ಲಿರುವ ಕಂಪ್ಯೂಟರ್‌ಗೆ ಆ ಬಿಲ್ ಬರುವುದೇ ಇಲ್ಲ. ‘ಫಿಲ್ಟರ್ ಹಾಕಿದ ಮೇಲೆ ಮೇಲ್ ಕಾಣೆಯಾಯ್ತು’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಖಾತೆಯನ್ನು ಐಮ್ಯಾಪ್ ಎಂದು ಹೊಸದಾಗಿ ಸೇರಿಸಿ (ಪೋರ್ಟ್ 993), ಹಳೇ ಮೇಲ್‌ಗಳನ್ನು ಅದಕ್ಕೆ ಎಳೆದು ಹಾಕಿ, ಆಮೇಲೆ ಪಾಪ್ ಖಾತೆ ತೆಗೆಯಿರಿ. ಈ ಕ್ರಮ ತಪ್ಪಿಸಬೇಡಿ.

ಫಿಲ್ಟರ್ ಎಲ್ಲಿದೆ?

ಸಿಪ್ಯಾನೆಲ್ (ಹೋಸ್ಟಿಂಗ್ ನಿಭಾಯಿಸುವ ನಿಯಂತ್ರಣ ಪುಟ) ಇರುವ ಹೋಸ್ಟಿಂಗ್ ಆದರೆ ‘ಇಮೇಲ್ ಫಿಲ್ಟರ್ಸ್’ ಎಂಬ ಐಕಾನ್ ಇರುತ್ತದೆ. ಪಕ್ಕದಲ್ಲೇ ‘ಗ್ಲೋಬಲ್ ಇಮೇಲ್ ಫಿಲ್ಟರ್ಸ್’ ಕೂಡ ಇರುತ್ತದೆ, ಅದನ್ನು ಮುಟ್ಟಬೇಡಿ. ಅಲ್ಲಿ ಬರೆದದ್ದು ಆಫೀಸಿನ ಎಲ್ಲರ ಮೇಲ್‌ಗೂ ಅನ್ವಯವಾಗುತ್ತದೆ. ಬೇರೆ ಹಲವು ಕಡೆ ರೌಂಡ್‌ಕ್ಯೂಬ್ ವೆಬ್‌ಮೇಲ್ ಇರುತ್ತದೆ. ಅಲ್ಲಿ ಸೆಟಿಂಗ್ಸ್, ಫಿಲ್ಟರ್ಸ್, ಕ್ರಿಯೇಟ್, ಅಷ್ಟೇ. ರೌಂಡ್‌ಕ್ಯೂಬ್‌ನ ಹಿಂದೆ ಕೆಲಸ ಮಾಡುವುದು ಸೀವ್ ಎಂಬ ಪುಟ್ಟ ಭಾಷೆ. 2001ರಲ್ಲಿ ಇಂಟರ್ನೆಟ್ ಮಾನದಂಡವಾಗಿ ಬಂದು, 2008ರಲ್ಲಿ ಪರಿಷ್ಕೃತವಾಯಿತು. ಫಾಸ್ಟ್‌ಮೇಲ್, ಪ್ರೋಟಾನ್ ಮೇಲ್‌ಗಳಲ್ಲೂ ಇದೇ ಭಾಷೆಯಲ್ಲಿ ಬರೆಯಬಹುದು. ಜಿಮೇಲ್‌ನದ್ದು ಬೇರೆ ಪದ್ಧತಿ.

ರೌಂಡ್‌ಕ್ಯೂಬ್‌ನಲ್ಲಿ ‘ಫಿಲ್ಟರ್ ಸೆಟ್’ ಎಂದು ಒಂದಿರುತ್ತದೆ. ಒಂದು ಸಲಕ್ಕೆ ಒಂದು ಸೆಟ್ ಮಾತ್ರ ಚಾಲೂ ಇರಬಹುದು. ಹೊಸ ಸೆಟ್ ಮಾಡಿ, ಅದನ್ನು ಎನೇಬಲ್ ಮಾಡದೆ, ‘ಏನೂ ಆಗ್ತಿಲ್ಲ’ ಎಂದು ಹೋಸ್ಟಿಂಗ್‌ನವರಿಗೆ ಫೋನ್ ಮಾಡುವವರು ಬೇಕಾದಷ್ಟು ಜನ. ನನ್ನನ್ನು ಕೇಳಿದರೆ ಒಂದೇ ಸೆಟ್ ಸಾಕು, ಎರಡನೆಯದು ತಲೆನೋವು.

ಫೋಲ್ಡರ್‌ಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ. ನಾಲ್ಕೈದು ಸಾಕು.

ಷರತ್ತು ಬರೆಯುವುದು

ಎಲ್ಲರೂ ಮೊದಲು ಆರಿಸುವುದು ‘ಸಬ್ಜೆಕ್ಟ್ ಕಂಟೇನ್ಸ್’. ದಯವಿಟ್ಟು ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಮೈಸೂರಿನಲ್ಲಿ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಪರಿಚಯದವರೊಬ್ಬರು, ಸಬ್ಜೆಕ್ಟ್‌ನಲ್ಲಿ ಇಂಗ್ಲಿಷಿನ ‘ರೆಂಟ್’ ಇದ್ದರೆ ಬಾಡಿಗೆ ಫೋಲ್ಡರ್‌ಗೆ ಹೋಗಲಿ ಎಂದು ಬರೆದರು. ಬಾಡಿಗೆ ಮೇಲ್ ಹೋಯಿತು. ಮಗಳ ಶಾಲೆಯ ‘ಪೇರೆಂಟ್ಸ್ ಮೀಟಿಂಗ್’ ಕೂಡ ಹೋಯಿತು. ಬ್ಯಾಂಕಿನ ‘ಕರೆಂಟ್ ಅಕೌಂಟ್ ಸ್ಟೇಟ್‌ಮೆಂಟ್’ ಸಹ ಅಲ್ಲೇ ಹೋಗಿ ಕೂತಿತು. ಕಂಟೇನ್ಸ್ ಎಂದರೆ ಪದ ಹುಡುಕುವುದಿಲ್ಲ, ಅಕ್ಷರಗಳ ಸಾಲು ಹುಡುಕುತ್ತದೆ. ಪೇರೆಂಟ್ ಒಳಗೂ ರೆಂಟ್ ಇದೆ, ಕರೆಂಟ್ ಒಳಗೂ ಇದೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವನ್ನೂ ಅದು ಮಾಡುವುದಿಲ್ಲ.

ಎರಡನೆಯ ಆಯ್ಕೆ ‘ಫ್ರಮ್ ಕಂಟೇನ್ಸ್’. ಇದು ವಾಸಿ, ಆದರೆ ಇಲ್ಲೂ ಗುಂಡಿ ಇದೆ. ಫ್ರಮ್ ಸಾಲಿನಲ್ಲಿ ಕಳಿಸಿದವರ ಹೆಸರು ಮತ್ತು ವಿಳಾಸ ಎರಡೂ ಇರುತ್ತವೆ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ನೀವು ಬ್ಯಾಂಕಿನ ಹೆಸರಷ್ಟೇ ಹಾಕಿ ರೂಲ್ ಬರೆದರೆ, ಆ ಹೆಸರು ಹಾಕಿಕೊಂಡ ಮೋಸಗಾರ ಕಳಿಸಿದ ಮೇಲ್ ಕೂಡ ನಿಮ್ಮ ‘ಬ್ಯಾಂಕ್’ ಫೋಲ್ಡರ್‌ನಲ್ಲಿ ಬಂದು ಕೂರುತ್ತದೆ. ಅಲ್ಲಿ ನೋಡಿದಾಗ ಅದು ಅಸಲಿಯಂತೆಯೇ ಕಾಣುತ್ತದೆ. ಅದಕ್ಕೇ ಯಾವಾಗಲೂ ಪೂರ್ತಿ ವಿಳಾಸ ಅಥವಾ ‘ಅಟ್’ ಚಿಹ್ನೆಯಿಂದ ಶುರುವಾಗುವ ಡೊಮೈನ್ ಭಾಗ ಹಾಕಿ. ಹಾಗೆ ಮಾಡಿದರೂ ಫಿಲ್ಟರ್ ಯಾವ ಮೇಲಿಗೂ ಅಸಲಿ ಎಂಬ ಮುದ್ರೆ ಒತ್ತುವುದಿಲ್ಲ, ನೆನಪಿರಲಿ. ಫ್ರಮ್ ವಿಳಾಸವನ್ನೇ ನಕಲು ಮಾಡುವವರೂ ಇದ್ದಾರೆ.

ಬ್ಯಾಂಕಿನ ಮಾತು ಬಂತಲ್ಲ, ಹಳೇ ರೂಲುಗಳನ್ನೂ ಒಮ್ಮೆ ನೋಡಿ. ದೇಶದ ಬ್ಯಾಂಕುಗಳು ಡಾಟ್ ಬ್ಯಾಂಕ್ ಡಾಟ್ ಇನ್ ಡೊಮೈನ್‌ಗೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ನಿಮ್ಮ ಬ್ಯಾಂಕಿನ ಮೇಲ್ ವಿಳಾಸವೂ ಬದಲಾಗಿದ್ದರೆ ಹಳೇ ರೂಲ್ ಸದ್ದಿಲ್ಲದೆ ಸತ್ತಿರುತ್ತದೆ. ಫಿಲ್ಟರ್‌ಗಳು ಎರರ್ ತೋರಿಸುವುದಿಲ್ಲ, ಸುಮ್ನೆ ಕೆಲಸ ನಿಲ್ಲಿಸುತ್ತವೆ.

ನನ್ನ ಮೆಚ್ಚಿನ ಆಯ್ಕೆ ಮೂರನೆಯದು, ಕಣ್ಣಿಗೆ ಕಾಣದ ಹೆಡರ್‌ಗಳು, ಅಂದರೆ ಮೇಲ್ ಜೊತೆ ಬರುವ ಮಾಹಿತಿಯ ಸಾಲುಗಳು. ರೌಂಡ್‌ಕ್ಯೂಬ್‌ನಲ್ಲಿ ಒಂದು ಮೇಲ್ ತೆರೆದು ‘ಮೋರ್’ ಒತ್ತಿ ‘ಶೋ ಸೋರ್ಸ್’ ಆರಿಸಿ. ಜಿಮೇಲ್‌ನಲ್ಲಾದರೆ ‘ಶೋ ಒರಿಜಿನಲ್’. ಒಂದಿಷ್ಟು ಗೋಜಲು ಸಾಲುಗಳು ಕಾಣುತ್ತವೆ. ಗಾಬರಿ ಬೇಡ, ಮೂರು ಸಾಲು ಹುಡುಕಿದರೆ ಸಾಕು. ‘ಲಿಸ್ಟ್-ಐಡಿ’ ಇದ್ದರೆ ಅದು ಗುಂಪು ಮೇಲ್. ಕಳಿಸಿದವರು ಯಾರೇ ಇರಲಿ, ಸಬ್ಜೆಕ್ಟ್ ಏನೇ ಇರಲಿ, ಆ ಗುಂಪಿಗೆ ಈ ಸಾಲು ಒಂದೇ ಆಗಿರುತ್ತದೆ. ಗುಂಪಿನ ಮೇಲ್‌ಗೆ ಇದರಷ್ಟು ಖಚಿತವಾದ ಷರತ್ತು ಬೇರೆ ಇಲ್ಲ. ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಇದ್ದರೆ ಹೆಚ್ಚಾಗಿ ಅದು ಜಾಹೀರಾತು ಅಥವಾ ಸುದ್ದಿಪತ್ರ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ರಾಶಿ ರಾಶಿ ಪ್ರಚಾರದ ಮೇಲ್ ಕಳಿಸುವವರಿಗೆ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕಡ್ಡಾಯ ಮಾಡಲು ಶುರು ಮಾಡಿದವು. ಅದು ನಡೆಯುವುದೇ ಈ ಹೆಡರ್ ಮೂಲಕ. ಹಾಗಾಗಿ ‘ಈ ಹೆಡರ್ ಇದ್ದರೆ ಆಫರ್ಸ್ ಫೋಲ್ಡರ್‌ಗೆ’ ಎಂಬ ಒಂದೇ ರೂಲ್ ಇಪ್ಪತ್ತು ಅಂಗಡಿಗಳ ಹೆಸರು ಬರೆಯುವ ಕಷ್ಟ ತಪ್ಪಿಸುತ್ತದೆ. ಒಂದೇ ಎಚ್ಚರಿಕೆ: ಕೆಲವರು ನಿಜವಾದ ಬಿಲ್ಲಿಗೂ ಈ ಹೆಡರ್ ಅಂಟಿಸುತ್ತಾರೆ. ಅದಕ್ಕೆ ಈ ರೂಲ್ ಪಟ್ಟಿಯ ಕೊನೆಗಿರಲಿ.

ಮೂರನೆಯ ಸಾಲು ‘ಎಕ್ಸ್-ಸ್ಪ್ಯಾಮ್-ಫ್ಲ್ಯಾಗ್’. ಹೋಸ್ಟಿಂಗ್‌ನವರು ಸ್ಪ್ಯಾಮ್‌ಅಸಾಸಿನ್ ಎಂಬ ಕಸ ಗುರುತಿಸುವ ತಂತ್ರಾಂಶ ಓಡಿಸುತ್ತಿದ್ದರೆ ಕಸದ ಮೇಲ್‌ಗೆ ಇಲ್ಲಿ ‘ಯೆಸ್’ ಎಂದು ಬರೆದಿರುತ್ತದೆ. ಅದನ್ನು ಹಿಡಿದು ಜಂಕ್‌ಗೆ ಕಳಿಸಿ.

ಕನ್ನಡ ಸಬ್ಜೆಕ್ಟ್ ಹಿಡಿಯುತ್ತದಾ ಎಂದು ಕೇಳುತ್ತಾರೆ. ಸೀವ್ ಹಿಡಿಯುತ್ತದೆ. ಸೋರ್ಸ್‌ನಲ್ಲಿ ಅದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೂ, ಹೋಲಿಸುವ ಮೊದಲು ಸರ್ವರ್ ಅದನ್ನು ಯೂನಿಕೋಡ್‌ಗೆ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ರೂಲಿನಲ್ಲಿ ‘ಸಭೆ’ ಎಂದು ನೇರವಾಗಿ ಕನ್ನಡದಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುವವರ ಮೇಲ್ ಮಾತ್ರ ಸಿಗುವುದಿಲ್ಲ, ಏಕೆಂದರೆ ಅದು ಯೂನಿಕೋಡ್ ಅಲ್ಲ.

‘ಆಲ್’ ಮತ್ತು ‘ಎನಿ’

ಒಂದು ರೂಲಿಗೆ ಎರಡು ಮೂರು ಷರತ್ತು ಹಾಕಿದಾಗ, ಎಲ್ಲವೂ ಹೊಂದಬೇಕೋ ಯಾವುದಾದರೂ ಒಂದು ಸಾಕೋ ಎಂದು ಮೇಲ್ಗಡೆ ಕೇಳುತ್ತದೆ. ‘ಇದೆ’ ಎನ್ನುವ ಷರತ್ತುಗಳಿದ್ದಾಗ ತಪ್ಪುವವರು ಕಡಿಮೆ. ‘ಇಲ್ಲ’ ಎನ್ನುವ ಷರತ್ತು ಬಂದಾಗ ಕೆಡುತ್ತದೆ. ಅಪರಿಚಿತರ ಮೇಲ್‌ಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ಹಾಕಬೇಕು ಎಂದುಕೊಳ್ಳಿ. ಮೊದಲ ಷರತ್ತು, ಫ್ರಮ್‌ನಲ್ಲಿ ನಮ್ಮ ಆಫೀಸಿನ ಡೊಮೈನ್ ಇಲ್ಲ. ಎರಡನೆಯದು, ಫ್ರಮ್‌ನಲ್ಲಿ ಆಡಿಟರ್ ವಿಳಾಸ ಇಲ್ಲ. ಇಲ್ಲಿ ‘ಎನಿ’ ಆರಿಸಿದಿರೋ, ಇನ್‌ಬಾಕ್ಸ್ ಖಾಲಿ. ಆಡಿಟರ್ ಮೇಲ್ ಬಂದರೆ ಅದರಲ್ಲಿ ಆಫೀಸಿನ ಡೊಮೈನ್ ಇರುವುದಿಲ್ಲ, ಮೊದಲ ಷರತ್ತು ನಿಜವಾಯಿತು, ಹೋಯಿತು. ಆಫೀಸಿನ ಮೇಲ್ ಬಂದರೆ ಅದರಲ್ಲಿ ಆಡಿಟರ್ ಇರುವುದಿಲ್ಲ, ಅದೂ ಹೋಯಿತು. ‘ಇಲ್ಲ’ ಷರತ್ತುಗಳು ಎರಡಿದ್ದರೆ ‘ಆಲ್’ ಆರಿಸಿ.

ಕ್ರಮ, ಮತ್ತೆ ‘ಸ್ಟಾಪ್’

ರೌಂಡ್‌ಕ್ಯೂಬ್ ರೂಲುಗಳು ಮೇಲಿನಿಂದ ಕೆಳಗೆ ಓಡುತ್ತವೆ. ಒಂದು ಹೊಂದಿದರೂ ನಿಲ್ಲುವುದಿಲ್ಲ, ಮುಂದಿನದನ್ನೂ ನೋಡುತ್ತವೆ. ಅದರಿಂದಲೇ ಒಂದೇ ಮೇಲ್ ಎರಡು ಫೋಲ್ಡರ್‌ಗಳಲ್ಲಿ ಕಾಣುವುದು. ಪ್ರತಿ ರೂಲಿನ ಕೊನೆಗೂ ‘ಸ್ಟಾಪ್ ಇವ್ಯಾಲ್ಯುಯೇಟಿಂಗ್ ರೂಲ್ಸ್’ ಸೇರಿಸಿ. ಮರೆಯಬೇಡಿ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ಇನ್‌ಬಾಕ್ಸ್‌ನಲ್ಲೇ ಉಳಿಯಬೇಕಾದ್ದಕ್ಕೆ: ಓಟಿಪಿ ಕಳಿಸುವ ವಿಳಾಸಗಳು, ಆಡಿಟರ್, ಮನೆಯವರು. ಇವಕ್ಕೆ ‘ಕೀಪ್’ ಮತ್ತು ‘ಸ್ಟಾಪ್’. ಓಟಿಪಿಯನ್ನು ಫೋಲ್ಡರ್‌ಗೆ ಕಳಿಸಬೇಡಿ. ಬಹಳಷ್ಟು ಫೋನ್ ಆ್ಯಪ್‌ಗಳು ಇನ್‌ಬಾಕ್ಸ್‌ಗೆ ಬಂದದ್ದಕ್ಕೆ ಮಾತ್ರ ಸದ್ದು ಮಾಡುತ್ತವೆ. ನೀವು ಹುಡುಕಿ ತೆಗೆಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ.

ಡಿಲೀಟ್, ಡಿಸ್ಕಾರ್ಡ್ ಎರಡನ್ನೂ ಮೊದಲ ತಿಂಗಳು ಮುಟ್ಟಬೇಡಿ. ಡಿಸ್ಕಾರ್ಡ್ ಆದ ಮೇಲ್ ಟ್ರ್ಯಾಶ್‌ಗೂ ಹೋಗುವುದಿಲ್ಲ, ಕಳಿಸಿದವರಿಗೂ ಗೊತ್ತಾಗುವುದಿಲ್ಲ. ಮೊದಲು ಫೋಲ್ಡರ್‌ಗೆ ಹಾಕಿ, ವಾರಕ್ಕೊಮ್ಮೆ ಇಣುಕಿ, ನಂಬಿಕೆ ಬಂದ ಮೇಲೆ ನೋಡೋಣ. ‘ರಿಜೆಕ್ಟ್’ ಅಂತೂ ಬೇಡವೇ ಬೇಡ. ಸ್ಪ್ಯಾಮ್‌ನ ಫ್ರಮ್ ವಿಳಾಸ ಸುಳ್ಳಾಗಿರುವುದೇ ಜಾಸ್ತಿ, ನಿಮ್ಮ ನಿರಾಕರಣೆ ಯಾರೋ ಪಾಪದವರ ಮನೆ ಬಾಗಿಲಿಗೆ ಹೋಗುತ್ತದೆ.

ಎಲ್ಲ ಮೇಲನ್ನೂ ಜಿಮೇಲ್‌ಗೆ ಫಾರ್ವರ್ಡ್ ಮಾಡಿಬಿಡುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಫಾರ್ವರ್ಡ್ ಆದಾಗ ಮೇಲ್ ಹೊರಡುವುದು ನಿಮ್ಮ ಹೋಸ್ಟಿಂಗ್ ಸರ್ವರ್‌ನಿಂದ. ಮೂಲ ಡೊಮೈನ್‌ನ ಎಸ್‌ಪಿಎಫ್ ಪಟ್ಟಿಯಲ್ಲಿ (ಆ ಡೊಮೈನ್ ಹೆಸರಲ್ಲಿ ಮೇಲ್ ಕಳಿಸಲು ಒಪ್ಪಿಗೆ ಇರುವ ಸರ್ವರ್‌ಗಳ ಪಟ್ಟಿ) ಆ ಸರ್ವರ್ ಇರುವುದಿಲ್ಲ, ಒಳ್ಳೇ ಮೇಲೂ ಅನುಮಾನಕ್ಕೆ ಸಿಗುತ್ತದೆ. ಜೊತೆಗೆ ನಿಮಗೆ ಬಂದ ಕಸವನ್ನು ನೀವೇ ಕಳಿಸಿದ ಹಾಗಾಗುತ್ತದೆ. ಫೋನಿನ ಆ್ಯಪ್‌ನಲ್ಲಿ ಖಾತೆಯನ್ನು ಐಮ್ಯಾಪ್ ಆಗಿ ಸೇರಿಸಿದರೆ ಈ ರಗಳೆಯೇ ಇಲ್ಲ.

‘ಇನ್‌ಬಾಕ್ಸ್ ಕ್ಲೀನ್ ಮಾಡಿಕೊಡ್ತೀವಿ’ ಎನ್ನುವ ಉಚಿತ ಆ್ಯಪ್‌ಗಳಿಂದಲೂ ದೂರ ಇರಿ. ಅನ್‌ರೋಲ್‌ಮಿ ಎಂಬ ಸೇವೆ ಬಳಕೆದಾರರನ್ನು ದಾರಿ ತಪ್ಪಿಸಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಆರೋಪಿಸಿತು. ಜನರ ಖರೀದಿ ರಸೀದಿಗಳ ಮಾಹಿತಿ ಅದರ ಮಾತೃಸಂಸ್ಥೆಗೆ ಹೋಗುತ್ತಿತ್ತು.

ಪರೀಕ್ಷೆ ಸುಲಭ. ಬೇರೆ ಖಾತೆಯಿಂದ ಒಂದು ಮೇಲ್ ಕಳಿಸಿ, ಎಲ್ಲಿ ಬಿತ್ತು ನೋಡಿ. ಹಳೇ ಮೇಲ್‌ಗಳು ಕದಲುವುದಿಲ್ಲ, ಏಕೆಂದರೆ ಸೀವ್ ರೂಲು ಹೊಸದಾಗಿ ಬರುವ ಮೇಲ್‌ಗೆ ಮಾತ್ರ. ಸಿಪ್ಯಾನೆಲ್‌ನಲ್ಲಿ ಫಿಲ್ಟರ್ ಪುಟದಲ್ಲೇ ‘ಫಿಲ್ಟರ್ ಟೆಸ್ಟ್’ ಎಂಬ ಜಾಗವಿದೆ, ಅಲ್ಲಿ ಮಾದರಿ ಮೇಲ್ ಅಂಟಿಸಿ ನೋಡಬಹುದು.

ಎಲ್ಲ ಸರಿಯಾದ ಮೇಲೆ ಫಿಲ್ಟರ್ ಸೆಟ್ಟನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ರೌಂಡ್‌ಕ್ಯೂಬ್‌ನಲ್ಲಿ ಅದಕ್ಕೆ ಬಟನ್ ಇದೆ, ಫೈಲ್ ತೀರಾ ಚಿಕ್ಕದು. ಹೋಸ್ಟಿಂಗ್ ಬದಲಿಸುವಾಗ ಐಮ್ಯಾಪ್ ಮೂಲಕ ಮೇಲ್‌ಗಳೂ ಫೋಲ್ಡರ್‌ಗಳೂ ಹೊಸ ಸರ್ವರ್‌ಗೆ ಬರುತ್ತವೆ, ರೂಲುಗಳು ಬರುವುದಿಲ್ಲ. ಹೊಸ ಕಡೆಯೂ ಸೀವ್ ಇದ್ದರೆ ಫೈಲನ್ನು ಅಪ್‌ಲೋಡ್ ಮಾಡಿ, ಫೋಲ್ಡರ್ ಹೆಸರುಗಳು ಹೊಂದುತ್ತವೆಯೇ ನೋಡಿ. ಕೆಲವು ಸರ್ವರ್‌ಗಳಲ್ಲಿ ಪ್ರತಿ ಹೆಸರಿಗೂ ಮೊದಲು ‘ಇನ್‌ಬಾಕ್ಸ್’ ಮತ್ತು ಒಂದು ಚುಕ್ಕೆ ಸೇರಿಸಬೇಕಾಗುತ್ತದೆ.