ಊರಲ್ಲಿ ಹೊಸ ಗರಡಿ ತೆರೆಯಬೇಕೆ? ಮೊದಲು ಮಟ್ಟಿ ಹದ ಮಾಡಿ

ಕುಸ್ತಿ ಆಡಿ ಹೆಸರು ಮಾಡಿದ ಪೈಲ್ವಾನರಲ್ಲಿ ಬಹಳ ಜನಕ್ಕೆ ಒಂದು ಆಸೆ ಇರುತ್ತದೆ. ತಮ್ಮೂರಲ್ಲೇ ಒಂದು ಗರಡಿ ಶುರು ಮಾಡಬೇಕು, ನಾಲ್ಕು ಹುಡುಗರನ್ನು ತಯಾರು ಮಾಡಬೇಕು ಅಂತ. ಒಳ್ಳೆಯ ಆಸೆ. ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಕುಸ್ತಿ ಇವತ್ತಿಗೂ ಉಳಿದಿದ್ದರೆ ಅದಕ್ಕೆ ಕಾರಣ ಇಂಥ ಉಸ್ತಾದರೇ. ಆದರೆ ಉದ್ಘಾಟನೆಗೆ ಶಾಮಿಯಾನ ಹಾಕಿ, ಮೈಕ್ ಕಟ್ಟಿ, ಆರೇ ತಿಂಗಳಲ್ಲಿ ಬೀಗ ಬೀಳುವ ಗರಡಿಗಳೂ ಇವೆ. ಗೋಡೆಗೆ, ಬಣ್ಣಕ್ಕೆ, ಬೋರ್ಡಿಗೆ ದುಡ್ಡು ಸುರಿದು, ಕಾಲ ಕೆಳಗಿನ ಮಟ್ಟಿಯನ್ನೂ (ಅಖಾಡದ ಮಣ್ಣು) ಮೊದಲ ವರ್ಷದ ಮಕ್ಕಳನ್ನೂ ಮರೆತರೆ ಹಾಗೇ ಆಗುವುದು. ಹೊಸ ಗರಡಿಯ ಹಣ, ಗಮನ ಎರಡೂ ಮೊದಲು ಹೋಗಬೇಕಾದ್ದು ಅಲ್ಲಿಗೆ.

ಜಾಗ ಮತ್ತು ಕಾಗದ

30x40 ಅಡಿ ಸೈಟ್ ಸಿಕ್ಕರೆ ಆರಾಮಾಗಿ ಸಾಕು. 20x20 ಅಡಿಯ ಅಖಾಡ ಮಾಡಿ, ಉಳಿದ ಜಾಗದಲ್ಲಿ ಸಾಮು (ವ್ಯಾಯಾಮ) ಮಾಡಲು, ಬಟ್ಟೆ ಬದಲಿಸಲು, ಸ್ನಾನಕ್ಕೆ ಅನುಕೂಲ ಮಾಡಬಹುದು. 20x30 ಇದ್ದರೂ ಬೇಡ ಅನ್ನಬೇಡಿ. 15x15 ಅಡಿಯ ಅಖಾಡದಲ್ಲಿ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ದೇವಸ್ಥಾನದ್ದೋ ಪಂಚಾಯಿತಿಯದ್ದೋ ಜಾಗ ಕೊಡುತ್ತೇವೆ ಎಂದು ಊರಿನವರು ಹೇಳಿದರೆ ಸಂತೋಷ. ಆದರೆ ಅದು ಬಾಯಿಮಾತಲ್ಲಿ ಉಳಿಯಬಾರದು, ಠರಾವು ಮಾಡಿಸಿ ಪ್ರತಿ ಇಟ್ಟುಕೊಳ್ಳಿ. ಅಧ್ಯಕ್ಷರು ಬದಲಾದ ಮೇಲೆ ಗರಡಿ ಖಾಲಿ ಮಾಡಿ ಅನ್ನಿಸಿಕೊಳ್ಳುವುದು ಯಾರಿಗೂ ಬೇಡ.

ಒಬ್ಬರೇ ನಡೆಸುವುದಕ್ಕಿಂತ ಸಂಘ ಮಾಡಿಕೊಂಡರೆ ಒಳ್ಳೆಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಸೇರಿದರೆ ಸಂಘ ನೋಂದಣಿ ಮಾಡಿಸಬಹುದು. ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ದೇಣಿಗೆ ಕೊಟ್ಟವರಿಗೆ ರಸೀದಿ ಕೊಡಿ. ಜೊತೆಗೆ ಜಿಲ್ಲಾ ಕುಸ್ತಿ ಸಂಘವನ್ನು ಮೊದಲೇ ಭೇಟಿ ಮಾಡಿ, ನಿಮ್ಮ ಮಕ್ಕಳು ಜಿಲ್ಲೆ, ರಾಜ್ಯ ಮಟ್ಟದ ಆಯ್ಕೆಗೆ ಹೋಗಲು ಏನೇನು ದಾಖಲೆ ಬೇಕು ಎಂದು ಕೇಳಿಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್ ಎರಡರಲ್ಲೂ ಹುಟ್ಟಿದ ದಿನ ಒಂದೇ ಇದೆಯಾ ಅಂತ ಸೇರಿಸಿಕೊಳ್ಳುವ ದಿನವೇ ನೋಡಿಬಿಡಿ. ವಯಸ್ಸಿನ ತಕರಾರಿನಿಂದ ಪಂದ್ಯಕ್ಕೆ ತೂಕ ನೋಡುವ ದಿನ ವಾಪಸ್ ಬರುವ ಮಕ್ಕಳ ಮುಖ ನೋಡಲು ಆಗುವುದಿಲ್ಲ.

ಮಟ್ಟಿ

ಗರಡಿಯ ಜೀವ ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಓದಿ.

20x20 ಅಡಿಯ ಅಖಾಡಕ್ಕೆ ಒಂದೂವರೆ ಅಡಿ ಮಣ್ಣು ತುಂಬಬೇಕೆಂದರೆ 600 ಘನ ಅಡಿ ಬೇಕು. ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿ ಎಂದರೂ 6 ಲೋಡ್. ಮಣ್ಣು ಕೂರುತ್ತದೆ, ಜರಡಿ ಹಿಡಿದಾಗ ಕಲ್ಲು ಕಸ ಹೋಗುತ್ತದೆ. ಹಾಗಾಗಿ 8 ಲೋಡ್ ಲೆಕ್ಕ ಇಟ್ಟುಕೊಳ್ಳಿ. ಕೆಮ್ಮಣ್ಣೇ ಬೇಕು. ಎರೆಮಣ್ಣು ನೀರು ಬಿದ್ದರೆ ಅಂಟು, ಒಣಗಿದರೆ ಹೆಂಟೆ. ಬರೀ ಮರಳಾದರೆ ಕಾಲು ನಿಲ್ಲುವುದಿಲ್ಲ, ಮೈ ತರಚುತ್ತದೆ. ಕಟ್ಟಡ ಒಡೆದ ಮಣ್ಣನ್ನು ಯಾರಾದರೂ ಪುಕ್ಕಟೆ ಕೊಡುತ್ತೇನೆ ಅಂದರೂ ಬೇಡ. ಗಾಜಿನ ಚೂರು, ಮೊಳೆ ಇಲ್ಲದ ಅಂಥ ಮಣ್ಣು ಸಿಗುವುದೇ ಇಲ್ಲ.

ಗುಂಡಿ ತೋಡಿದ ಮೇಲೆ ತಳದಲ್ಲಿ ಜಲ್ಲಿ, ಅದರ ಮೇಲೆ ಮರಳು ಹಾಸಿ. ನೀರು ಇಂಗಲು ದಾರಿ ಇಲ್ಲದಿದ್ದರೆ ಮಳೆಗಾಲದಲ್ಲಿ ಮಣ್ಣು ಮುಗ್ಗುಲು ವಾಸನೆ ಹೊಡೆಯುತ್ತದೆ. ಮೇಲೆ ಶೀಟ್ ಹಾಕಿಸುವಾಗ ಎತ್ತರವಾಗಿಯೇ ಹಾಕಿಸಿ, ಅಖಾಡದ ಒಳಗೆ ಒಂದು ಕಂಬವೂ ಬರಬಾರದು. ಅಂಚಿನ ಕಟ್ಟೆಯನ್ನು ಸಿಮೆಂಟಲ್ಲಿ ಚೂಪಾಗಿ ಕಟ್ಟಿಸಿದರೆ ಒಂದಲ್ಲ ಒಂದು ದಿನ ಯಾರದ್ದಾದರೂ ತಲೆ ಅದಕ್ಕೆ ತಾಗುತ್ತದೆ. ಮೂಲೆಗಳನ್ನು ಗುಂಡಗೆ ಮಾಡಿಸಿ ಹಳೇ ಮ್ಯಾಟ್ ಸುತ್ತಿಸಿ.

ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯಲೇಬೇಕು. ಆಮೇಲೆ ಅರಿಶಿನ, ಒಣಗಿಸಿ ಪುಡಿ ಮಾಡಿದ ಬೇವಿನ ಎಲೆ, ಮಜ್ಜಿಗೆ, ನಿಂಬೆರಸ, ಎಳ್ಳೆಣ್ಣೆ, ಕರ್ಪೂರ ಬೆರೆಸುವುದು ರೂಢಿ. ಒಂದೊಂದು ಗರಡಿಯದ್ದು ಒಂದೊಂದು ಅಳತೆ. ನಿಮ್ಮ ಉಸ್ತಾದರು ಹೇಗೆ ಬೆರೆಸುತ್ತಿದ್ದರೋ ಹಾಗೇ ಮಾಡಿ. ಎಣ್ಣೆ, ಮಜ್ಜಿಗೆಯಿಂದ ಮಣ್ಣು ಮೆದುವಾಗುತ್ತದೆ, ಧೂಳು ಏಳುವುದು ಕಡಿಮೆಯಾಗುತ್ತದೆ.

ಹದ ಬಂತೋ ಇಲ್ಲವೋ ನೋಡಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿ ಹಿಡಿಯಿರಿ. ಬಿಟ್ಟಾಗ ಉಂಡೆ ಹಾಗೇ ನಿಲ್ಲಬೇಕು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಪುಡಿಯಾಗಬೇಕು. ಉಂಡೆ ನಿಲ್ಲದಿದ್ದರೆ ನೀರು ಚಿಮುಕಿಸಿ. ಒತ್ತಿದಾಗ ಪುಡಿಯಾಗದೆ ಅಂಗೈಗೆ ಮೆತ್ತಿಕೊಂಡರೆ ಅವತ್ತು ಜೋಡಿಗಳನ್ನು ಕುಸ್ತಿಗೆ ಬಿಡಬೇಡಿ, ಅಗೆದು ಗಾಳಿಗೆ ಬಿಡಿ.

ದಿನಾ ಬೆಳಗ್ಗೆ ಪಟ್ಟು ಶುರುವಾಗುವ ಮುಂಚೆ ಗುದ್ದಲಿಯಲ್ಲಿ ಇಡೀ ಅಖಾಡ ಅಗೆದು, ಹಲಗೆ ಎಳೆದು ಸಮ ಮಾಡಬೇಕು. ಎರಡು ದಿನ ಬಿಟ್ಟರೆ ಸಾಕು, ಮಣ್ಣು ಗಟ್ಟಿ ಕೂತು ನೆಲದ ಹಾಗಾಗುತ್ತದೆ. ಅದರ ಮೇಲೆ ಎತ್ತಿ ಹಾಕಿಸಿಕೊಂಡವನ ಭುಜ ಉಳಿಯುತ್ತಾ? ಅಗೆಯುವ ಕೆಲಸವನ್ನು ಕೂಲಿಗೆ ಕೊಡಬೇಡಿ. ಸರದಿ ಹಾಕಿ ಹುಡುಗರಿಂದಲೇ ಮಾಡಿಸಿ. ಸೊಂಟ, ತೋಳು, ಮುಂಗೈ ಎಲ್ಲಕ್ಕೂ ಅದೇ ಸಾಮು.

ಮ್ಯಾಟ್ ಈಗಲೇ ಬೇಕಾ?

ಬೇಕು, ಆದರೆ ಪೂರ್ತಿಯದ್ದಲ್ಲ. ಊರ ಜಾತ್ರೆಯ ನಾಡಕುಸ್ತಿ ಮಣ್ಣಲ್ಲಿ ನಡೆದರೂ ರಾಜ್ಯ, ರಾಷ್ಟ್ರೀಯ ಪಂದ್ಯಗಳು ಬಹುತೇಕ ಮ್ಯಾಟ್ ಮೇಲೆಯೇ. ಅಲ್ಲಿ ಸೀನಿಯರ್ ವಿಭಾಗದವರಿಗೆ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಮಣ್ಣಲ್ಲಿ ಹಿಡಿತ, ದಮ್ಮು ಬರುತ್ತದೆ. ಮ್ಯಾಟಿಗೆ ಬೇಕಾದ ಕಾಲಿನ ಚುರುಕು ಬೇರೆ, ಅದನ್ನು ಮ್ಯಾಟ್ ಮೇಲೆಯೇ ಕಲಿಯಬೇಕು. ಪಂದ್ಯದ ಮ್ಯಾಟ್ 12x12 ಮೀಟರ್, ಅಂದರೆ ಸುಮಾರು 40x40 ಅಡಿ. ನಿಮ್ಮ ಸೈಟಿಗೇ ಹಿಡಿಸುವುದಿಲ್ಲ. 6x6 ಮೀಟರ್ ಇದ್ದರೆ ಅಭ್ಯಾಸಕ್ಕೆ ಸಾಕು. ಕ್ರೀಡಾಶಾಲೆ, ಕಾಲೇಜುಗಳಲ್ಲಿ ಹೊಸದು ಬಂದಾಗ ಹಳೆಯದನ್ನು ಏನು ಮಾಡುತ್ತಾರೆ ಎಂದು ವಿಚಾರಿಸಿ.

ಉಳಿದ ಸಾಮಾನು ಹೆಚ್ಚೇನಿಲ್ಲ. ಗದೆ, ಕರಲಕಟ್ಟೆ (ತಿರುಗಿಸುವ ಮರದ ದಂಡ), ಹತ್ತಲು ಹಗ್ಗ, ಎತ್ತಲು ಕಲ್ಲುಗುಂಡು, ತೂಕದ ಮಷಿನ್, ಗೋಡೆಯಲ್ಲಿ ಒಂದು ಹನುಮಪ್ಪನ ಫೋಟೊ.

ಮೊದಲ ಮೂರು ತಿಂಗಳು

ಹೊಸ ಮಕ್ಕಳಿಗೆ ಮೊದಲ ದಿನವೇ ಜೋಡಿ ಕಟ್ಟಿ ಬಿಡುವುದು ದೊಡ್ಡ ತಪ್ಪು. ಸೋತವನು ಮರುದಿನ ಬರುವುದಿಲ್ಲ, ಗೆದ್ದವನು ಕಲಿಯುವುದಿಲ್ಲ. ಮೊದಲು ಬೀಳುವುದನ್ನು ಕಲಿಸಿ. ಗದ್ದ ಎದೆಗೆ ಒತ್ತಿಕೊಂಡು, ಕೈ ಊರದೆ, ಭುಜದ ಮೇಲೆ ಉರುಳುವುದು. ಬೀಳುವಾಗ ಕೈ ಊರಿದರೆ ಮುಂಗೈ ಮುರಿಯುವುದು ಗ್ಯಾರಂಟಿ ಅಂತಲೇ ಹೇಳಿಕೊಡಿ. ಆಮೇಲೆ ದಂಡ, ಬಸ್ಕಿ, ಕಾಲಿನ ನಿಲುವು, ಒಂದೆರಡು ಪಟ್ಟು. ಕತ್ತಿನ ಸಾಮನ್ನು ಚಿಕ್ಕವರಿಗೆ ತೀರಾ ನಿಧಾನವಾಗಿ ಕೊಡಿ. ಜೋಡಿ ಕಟ್ಟುವಾಗ ವಯಸ್ಸಿಗಿಂತ ತೂಕ ನೋಡಿ, ತೂಕದ ಜೊತೆ ಎಷ್ಟು ದಿನದಿಂದ ಬರುತ್ತಿದ್ದಾನೆ ಅನ್ನುವುದನ್ನೂ ನೋಡಿ.

ತಲೆಗೆ ಪೆಟ್ಟು ಬಿದ್ದು ಮಗು ತಲೆಸುತ್ತು, ವಾಂತಿ, ಮಂಕು ಅಂದರೆ ಅವತ್ತಿನ ಅಭ್ಯಾಸ ಮುಗಿಯಿತು. ಮುಖಕ್ಕೆ ನೀರು ಹಾಕಿ ಮತ್ತೆ ಇಳಿಸುವ ಹಳೇ ಪದ್ಧತಿ ಬಿಟ್ಟುಬಿಡಿ. ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಸರಿ ಎನ್ನುವವರೆಗೆ ಅಖಾಡಕ್ಕೆ ಬಿಡಬೇಡಿ.

ಇನ್ನೊಂದು ಕಾಟ ಹುಳುಕಡ್ಡಿ. ಉತ್ತರ ಕರ್ನಾಟಕದ ಕಡೆ ಗಜಕರ್ಣ ಅನ್ನುತ್ತಾರೆ. ಮೈಗೆ ಮೈ ತಾಗುವ ಆಟ, ಒಬ್ಬರಿಗೆ ಬಂದರೆ ಎಲ್ಲರಿಗೂ. ಮಟ್ಟಿಯಲ್ಲಿ ಬೇವು ಅರಿಶಿನ ಇದೆ, ಏನೂ ಆಗಲ್ಲ ಎಂದು ನಂಬಿ ಕೂರಬೇಡಿ. ಇಳಿಯುವ ಮುಂಚೆ ಉಗುರು ಮತ್ತು ಚರ್ಮ ನೋಡುವುದು, ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ, ಟವೆಲ್ ಅವರವರದ್ದೇ. ಹಾಗಾಗಿ ಬೋರ್ಡು ಬರೆಸುವ ಮುಂಚೆ ನಲ್ಲಿ ಹಾಕಿಸಿ. ಹುಳುಕಡ್ಡಿ ಬಂದ ಹುಡುಗ ವಾಸಿಯಾಗುವವರೆಗೆ ದೂರ ನಿಂತು ಸಾಮು ಮಾಡಲಿ, ಮನೆಗೆ ಕಳಿಸಬೇಡಿ.

18 ತುಂಬಿದ ಪೈಲ್ವಾನರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಕೈಕಾಲು ಮುರಿದ ಖರ್ಚು ಅದರಲ್ಲಿ ಬರುವುದಿಲ್ಲ. ಚಿಕ್ಕವರಿಗೂ ಸೇರಿ ಗುಂಪು ಅಪಘಾತ ವಿಮೆ ಬಗ್ಗೆ ವಿಮಾ ಕಚೇರಿಯಲ್ಲಿ ಕೇಳಿ.

ಹೆಣ್ಣುಮಕ್ಕಳು ಬರಲಿ

ಮಹಿಳಾ ಕುಸ್ತಿ 2004ರಿಂದ ಒಲಿಂಪಿಕ್ಸ್‌ನಲ್ಲಿದೆ. 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಗರಡಿಗೆ ಹೆಣ್ಣುಮಕ್ಕಳು ಕಾಲಿಡಬಾರದು ಎನ್ನುವ ಮಾತು ಇನ್ನೂ ಕೆಲವು ಕಡೆ ಕೇಳುತ್ತದೆ. ನನಗಂತೂ ಅದು ಒಪ್ಪಿಗೆಯಿಲ್ಲ. ಹೊಸ ಗರಡಿ ಕಟ್ಟುವವರಿಗೆ ಅದನ್ನು ಮೊದಲ ದಿನದಿಂದಲೇ ಮುರಿಯುವ ಅವಕಾಶ ಇದೆ.

ಬಾಯಲ್ಲಿ ಬನ್ನಿ ಅಂದರೆ ಸಾಲದು. ಬಾಗಿಲು ಹಾಕಿಕೊಳ್ಳಲು ಬರುವ ಬೇರೆ ಕೋಣೆ, ಬೇರೆ ಶೌಚಾಲಯ ಬೇಕು. ಮಹಿಳಾ ಕೋಚ್ ಸಿಗುವವರೆಗೆ ಒಬ್ಬರು ತಾಯಿಯಾದರೂ ಅಭ್ಯಾಸದ ಹೊತ್ತಲ್ಲಿ ಅಲ್ಲಿ ಕೂತಿರಲಿ. ಗಂಡಾಗಲಿ ಹೆಣ್ಣಾಗಲಿ, ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಉಸ್ತಾದರಿಗೂ ಇದೇ ನಿಯಮ. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಪೋಕ್ಸೊ ಕಾಯ್ದೆ 2012ರ ಪ್ರಕಾರ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಗರಡಿಯ ಮರ್ಯಾದೆ ಅಂತ ಒಳಗೇ ಪಂಚಾಯಿತಿ ಮಾಡುವಂತಿಲ್ಲ.

ಫೀಸು, ಊಟ

ಗರಡಿಯಲ್ಲಿ ದುಡ್ಡು ಕೇಳುವುದೇ ಎಂದು ಉಸ್ತಾದರು ಸಂಕೋಚ ಪಡುತ್ತಾರೆ. ಸಂಕೋಚ ಬೇಡ. ಕರೆಂಟ್, ನೀರು, ಮಣ್ಣು ಯಾವುದೂ ಪುಕ್ಕಟೆ ಬರುವುದಿಲ್ಲ. ಕೊಡಲು ಆಗುವವರಿಂದ ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳಿ. ಆಗದವರ ಮಗುವನ್ನು ಸುಮ್ನೆ ಸೇರಿಸಿಕೊಳ್ಳಿ, ಯಾರು ಕೊಟ್ಟರು ಯಾರು ಬಿಟ್ಟರು ಎಂಬುದು ನಿಮ್ಮ ಪುಸ್ತಕದಲ್ಲೇ ಇರಲಿ.

ಬಾದಾಮಿ, ತುಪ್ಪ ಇಲ್ಲದೆ ಪೈಲ್ವಾನ್ ಆಗಲ್ಲ ಎಂದು ಹೆದರಿ ಎಷ್ಟೋ ಬಡವರು ಮಕ್ಕಳನ್ನು ಕಳಿಸುವುದಿಲ್ಲ. ರಾಗಿಮುದ್ದೆ, ಜೋಳದ ರೊಟ್ಟಿ, ಮೊಳಕೆ ಕಾಳು, ಕಡಲೆಕಾಯಿ, ಹಾಲು, ಮೊಟ್ಟೆಯಲ್ಲಿ ಶುರುವಿಗೆ ಬೇಕಾದ್ದೆಲ್ಲ ಇದೆ. ದಾನಿಗಳು ಏನು ಕೊಡಲಿ ಎಂದು ಕೇಳಿದರೆ ಹಾರ, ಶಾಲು ಬೇಡ ಅನ್ನಿ, ತಿಂಗಳ ಹಾಲಿನ ಬಿಲ್ ಕಟ್ಟಿಸಿ. ಹೆಸರು ಗೊತ್ತಿಲ್ಲದ ಪುಡಿ, ಮಾತ್ರೆ, ಇಂಜೆಕ್ಷನ್ ಗರಡಿ ಒಳಗೆ ಬರಲೇಬಾರದು. ಪಂದ್ಯಕ್ಕೆ ತೂಕ ಇಳಿಸಲು ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು, ನೀರು ಬಿಡಿಸುವುದು ಬೇಡವೇ ಬೇಡ. ಮೇಲಿನ ತೂಕದಲ್ಲಿ ಆಡಿ ಸೋತರೂ ಪರವಾಗಿಲ್ಲ.

ಮೊದಲ ಪಂದ್ಯ

ಆರೇಳು ತಿಂಗಳಾದ ಮೇಲೆ ಅಕ್ಕಪಕ್ಕದ ಗರಡಿಯವರನ್ನು ಕರೆದು ನಿಮ್ಮ ಅಖಾಡದಲ್ಲೇ ಸಣ್ಣ ಪಂದ್ಯ ಇಡಿ. ಜಾತ್ರೆಗೆ ಕಳಿಸುವುದು ಅದಾದ ಮೇಲೆ. ಜಾತ್ರೆಯಲ್ಲಿ ಸಂಜೆ ಹೊತ್ತಿಗೆ ಜೋಡಿ ಕಟ್ಟುವವರಿಗೆ ಅವಸರ, ಕೈ ನೋಡಿ, ಎತ್ತರ ನೋಡಿ ಜೋಡಿ ಕೂಡಿಸಿಬಿಡುತ್ತಾರೆ. ನಿಮ್ಮ ಮಕ್ಕಳ ತೂಕದ ಚೀಟಿ, ತಂದೆತಾಯಿಯ ಒಪ್ಪಿಗೆ ಪತ್ರ ಜೇಬಲ್ಲಿರಲಿ. ಎದುರಾಳಿಯನ್ನೂ ತಕ್ಕಡಿಗೆ ಹತ್ತಿಸಿ ಎಂದು ಕೇಳಿ. ಐದಾರು ಕೆಜಿ ವ್ಯತ್ಯಾಸ ಬಂದರೆ ಮೈಕಿನವರು ಏನೇ ಕೂಗಲಿ, ನಿಮ್ಮ ಹುಡುಗನಿಗೆ ಅಂಗಿ ಹಾಕಿಸಿ ಪಕ್ಕಕ್ಕೆ ಕೂರಿಸಿಕೊಂಡು, ಬೇರೆ ಜೋಡಿ ಕೇಳಿ.